ಗಡಿ ಜಗಳ ಬಿಟ್ಟು ಬೆಳಗಾವಿಯನ್ನ ವಿದ್ಯಾರ್ಥಿಗಳಿಗೆ ತೋರಿಸೋದು ಹೇಗೆ? ಎರಡು ದಿನ ಇದೆ

ತುಂಗಾತೀರ
ಇತಿಹಾಸ ಓದುವ ಪದವಿ ವಿದ್ಯಾರ್ಥಿಗಳು ಇಪ್ಪತ್ತು ಜನ, ಶಿವಮೊಗ್ಗದಿಂದ ಡಿಸೆಂಬರ್‌ನಲ್ಲಿ ಎರಡು ದಿನಕ್ಕೆ ಬೆಳಗಾವಿಗೆ ಬರ್ತಿದ್ದಾರೆ. ಪ್ರವಾಸದ ಪಟ್ಟಿಗಳೆಲ್ಲ ಒಂದೇ ಥರ: ಕೋಟೆ, ಕಮಲ ಬಸದಿ, ಸುವರ್ಣ ವಿಧಾನಸೌಧ, ಕುಂದಾ, ವಾಪಸ್. ಅದು ಬೇಡ. ಈ ಊರು ಹೀಗೆ ಯಾಕಿದೆ ಅಂತ ಹುಡುಗರಿಗೆ ಅರ್ಥ ಆಗಬೇಕು. ಒಂದು ಗಲ್ಲಿ ಪುಣೆಯ ಹಾಗೆ, ಇನ್ನೊಂದು ಧಾರವಾಡದ ಹಾಗೆ, ಮೂರನೆಯದು ಯಾವುದೋ ಬ್ರಿಟಿಷ್ ದಂಡು ಪ್ರದೇಶದ ಹಾಗೆ ಯಾಕೆ? ಯಾವ ಕ್ರಮದಲ್ಲಿ ನಡೆದರೆ ಇದು ಕಣ್ಣಿಗೆ ಬೀಳುತ್ತೆ? ಗೊತ್ತಿರೋರು ಹೇಳಿ. "ಬೆಳಗಾವಿ ಯಾರದ್ದು" ಅನ್ನೋ ಜಗಳ ದಯವಿಟ್ಟು ಇಲ್ಲಿ ಬೇಡ.

ಅನಗೋಳ_ನಾಕಾ
ಕೊನೇ ಸಾಲು ಬರದ್ರಲ್ಲಾ, ಇನ್ನ ಜಗಳ ಗ್ಯಾರಂಟಿ ನೋಡ್ರಿ.

ಉತಾರ_ಕಾಕಾ
ಮೊದಲ ಒಂದು ಮಾತು ತಲ್ಯಾಗ ಇಟ್ಕೊಳ್ರಿ. 1948ರ ತನಕಾ ಬೆಳಗಾವಿ ಅಂದ್ರ ಒಂದ ಊರಲ್ಲ, ಬಾಜೂ ಬಾಜೂ ಕುಂತ ನಾಕೈದು ಊರು. ಒಂದೊಂದಕ್ಕೂ ಒಡೆಯ ಬ್ಯಾರೆ.

ಕೋಟಿ ಮತ್ತ ಕ್ಯಾಂಪ್ ಮಿಲಿಟರಿದು. ಪ್ಯಾಟಿ, ಅಂದ್ರ ಗಣಪತ್ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿ, ಖಡೇಬಜಾರ, ಇದು ಮುಂಬೈ ಪ್ರಾಂತದ ಮುನಸಿಪಾಲ್ಟಿ. ರೈಲ್ವೆ ಹಳಿ ದಾಟಿ ಆ ಕಡೆ ಹೋದ್ರ ಶಹಾಪುರ. ಅದು ಬ್ರಿಟಿಷರದ್ದಲ್ಲವೇ ಅಲ್ಲ, ಸಾಂಗ್ಲಿ ಸಂಸ್ಥಾನದ್ದು, ಪಟವರ್ಧನರ ರಾಜ್ಯ. ಕಾಯ್ದೆ ಬ್ಯಾರೆ, ಕಚೇರಿ ಬ್ಯಾರೆ. 1948ರ ಮಾರ್ಚ್‌ದಾಗ ದಖ್ಖನ್ ಸಂಸ್ಥಾನಗಳು ಮುಂಬೈಗೆ ಸೇರಿದ ಮ್ಯಾಲೆ ಅದು ಬೆಳಗಾವಿ ಜೋಡಿ ಒಂದಾತು. ಇನ್ನ ಅನಗೋಳ, ವಡಗಾಂವ, ಕಣಬರಗಿ ಇವೆಲ್ಲಾ ಹೊಲಾ ಮನಿ ಇದ್ದ ಹಳ್ಳಿ. ಊರು ಬೆಳದು ನುಂಗಿ ಹಾಕೇತಿ.

ಅದಕ್ಕ ಕ್ರಮ ಹಿಂಗ ಇಟ್ಕೊಳ್ರಿ: ಕೋಟಿ, ಕ್ಯಾಂಪ್, ಪ್ಯಾಟಿ, ಆಮ್ಯಾಲೆ ಹಳಿ ದಾಟಿ ಶಹಾಪುರ, ಕಡೀಕ ಟಿಳಕವಾಡಿ. ಒಂದು ಒಡೆತನದಿಂದ ಇನ್ನೊಂದಕ್ಕ ಎಲ್ಲಿ ಕಾಲಿಡ್ತೀರಿ ಅನ್ನೋದನ್ನ ಪ್ರತಿ ಸಲ ಹುಡುಗರಿಗೆ ನಿಂತು ತೋರಸ್ರಿ. ರಸ್ತೆ ಅಗಲ, ಮನಿ ಅಂಗಳ, ಗುಡಿ, ಬೋರ್ಡು ಎಲ್ಲಾ ಅಲ್ಲೇ ಬದಲಾಕ್ಕಾವ.

ಹಾಂ, ಖಡೇಬಜಾರ ಎರಡು ಅದಾವ. ಒಂದು ಬೆಳಗಾವಿ ಪ್ಯಾಟ್ಯಾಗ, ಒಂದು ಶಹಾಪುರದಾಗ. ಆಟೋದವರಿಗೆ ಯಾವುದಂತ ಬಿಡಿಸಿ ಹೇಳ್ರಿ, ಇಲ್ಲಾಂದ್ರ ಅರ್ಧಾ ಹುಡುಗರು ಅಲ್ಲಿ, ಅರ್ಧಾ ಇಲ್ಲಿ.

ಮಲಪ್ರಭಾ
ಕಾಕಾ ಹೇಳಿದ್ದು ಖರೇ. ಎರಡು ಊರು, ಎರಡು ಸರ್ಕಾರ, ಅದಕ್ಕ ಎರಡು ಬಜಾರ.

ಶಾಸನಪ್ರಿಯ
ಕೋಟೆಯ ಬಗ್ಗೆ ನಾನು ಹೇಳ್ತೀನಿ. ಮುಖ್ಯ ಬಾಗಿಲ ಹತ್ತಿರ ಗಣಪತಿ ಮತ್ತು ದುರ್ಗಾದೇವಿ ಗುಡಿಗಳಿವೆ, ಅಲ್ಲಿಂದ ಶುರು ಮಾಡಿ. ಒಳಗೆ ಹೋಗುವ ಮೊದಲು ಕಂದಕವನ್ನ ನೋಡಿ. ಕೋಟೆ ಬಯಲು ನೆಲದ ಮೇಲಿದೆ, ಗುಡ್ಡದ ರಕ್ಷಣೆ ಇಲ್ಲ. ಹಾಗಾಗಿ ಪೂರ್ತಿ ಭಾರ ಕಂದಕದ ಮೇಲೆ ಮತ್ತು ದಪ್ಪ ಗೋಡೆಯ ಮೇಲೆ. 1818ರಲ್ಲಿ ಬ್ರಿಟಿಷ್ ಅಧಿಕಾರಿ ಮನ್ರೋ ಸೈನ್ಯ ಮುತ್ತಿಗೆ ಹಾಕಿದಾಗ ಮೂರು ವಾರ ಹಿಡಿದಿದ್ದು ಇದೇ ಕಾರಣಕ್ಕೆ.

ಕಮಲ ಬಸದಿ 1204ರದು. ಸವದತ್ತಿಯಿಂದ ವೇಣುಗ್ರಾಮಕ್ಕೆ, ಅಂದ್ರೆ ಬೆಳಗಾವಿಗೆ, ರಾಜಧಾನಿ ತಂದ ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು, ಒಳಗೆ ನೇಮಿನಾಥ. ಎಲ್ಲರೂ ಮುಖಮಂಟಪದ ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲದ ಫೋಟೋ ತೆಗೆದು ಹೊರಟುಬಿಡ್ತಾರೆ. ಹುಡುಗರನ್ನ ಅದರ ಕೆಳಗೆ ನೇರ ನಿಲ್ಲಿಸಿ ತಲೆ ಎತ್ತಿ ನೋಡೋಕೆ ಹೇಳಿ. ಸುತ್ತಿನ ವೃತ್ತಗಳು ಒಂದರೊಳಗೊಂದು ಮೇಲಕ್ಕೆ ಹೋಗ್ತಾ ಕಿರಿದಾಗ್ತವೆ, ಕಮಲ ಮಾತ್ರ ಆ ಗುಳಿಯ ನಡುವಿನಿಂದ ಕೆಳಕ್ಕೆ ಬರುತ್ತೆ. ಈ ಬಸದಿಗೆ ಸೇರಿದ 1204ರ ಶಾಸನದ ಕಲ್ಲುಗಳು ಇಲ್ಲಿ ಹುಡುಕಿದರೆ ಸಿಗಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಅದಾದಮೇಲೆ ಸಫಾ ಮಸೀದಿ. 1519, ಬಿಜಾಪುರದ ಆದಿಲಶಾಹಿಗಳ ಸರದಾರ ಅಸದ್ ಖಾನ್ ಲಾರಿ ಕಟ್ಟಿಸಿದ್ದು. ಹಳೇ ಗುಡಿಗಳ ಕಂಬಗಳನ್ನ ಅದಕ್ಕೆ ಬಳಸಿದ್ದಾರೆ, ಎರಡು ಕಂಬಗಳಲ್ಲಿ ಬರಹ ಇದೆ. ಒಂದು 1199ರದು, ರಟ್ಟ ಕಾರ್ತವೀರ್ಯನದು, ನಾಗರಿ ಲಿಪಿಯಲ್ಲಿ. ಇನ್ನೊಂದು 1261ರದು, ದೇವಗಿರಿಯ ಯಾದವ ಕೃಷ್ಣನದು, ಕನ್ನಡದಲ್ಲಿ. ಕನ್ನಡದ ರಾಜನದು ನಾಗರಿ, ಮರಾಠಿಗರು ತಮ್ಮವರು ಅನ್ನೋ ರಾಜನದು ಕನ್ನಡ. ಮೊದಲ ಪೋಸ್ಟಿನವರು ಬೇಡ ಅಂದ ಜಗಳಕ್ಕೆ ಈ ಎರಡು ಕಂಬ ಸಾಕು.

ಗಮನಿಸಿ: ಕೋಟೆಯ ಒಳಗೆ ಸೇನೆಯ ಜಾಗ ಬಹಳ ಇದೆ. ಮಸೀದಿ ಕಡೆ ಗುಂಪಾಗಿ ಹೋಗೋದಾದರೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪತ್ರ, ಎಲ್ಲರ ಗುರುತಿನ ಚೀಟಿ ಇಟ್ಕೊಳ್ಳಿ. ಡ್ರೋನ್ ತರಲೇಬೇಡಿ.

ತುಂಗಾತೀರ
ಆ ಎರಡು ಕಂಬ ಇಡೀ ಪ್ರವಾಸಕ್ಕೆ ಸಮ! ಧನ್ಯವಾದ ಸರ್. ಒಳಗೆ ಕ್ಯಾಮೆರಾ ಬಿಡ್ತಾರಾ?

ಶಾಸನಪ್ರಿಯ
ಬಸದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಮೊಬೈಲ್ ಫೋಟೋಗೆ ತೊಂದರೆ ಇಲ್ಲ. ಮಸೀದಿಯಲ್ಲಿ ಅಲ್ಲಿಯವರನ್ನ ಕೇಳಿ, ನಮಾಜಿನ ಹೊತ್ತು ಬಿಟ್ಟು ಹೋಗಿ. ಶುಕ್ರವಾರ ಮಧ್ಯಾಹ್ನ ಅಂತೂ ಬೇಡ.

ಗಡಿಯಾಚೆ
"ಮರಾಠಿಗರು ತಮ್ಮವರು ಅನ್ನೋ ರಾಜ" ಅಂದ್ರೇನು ಸರ್? ಯಾದವರ ಆಸ್ಥಾನದಲ್ಲಿ ಮರಾಠಿ ಬೆಳೆದದ್ದು ಇತಿಹಾಸ. ಬೆಳಗಾವಿ ಮರಾಠಿ ಮಂದಿ ನಿನ್ನೆ ಮೊನ್ನೆ ವಲಸೆ ಬಂದವರಲ್ಲ. 1951ರ ಜನಗಣತಿಯಲ್ಲಿ ನಗರದ ಹೆಚ್ಚಿನವರ ಮಾತು ಮರಾಠಿಯೇ ಇತ್ತು. ಅದನ್ನೂ ಹುಡುಗರಿಗೆ ಹೇಳಿ.

ಘಟಪ್ರಭಾ_ದಂಡಿ
ನಗರದ ಲೆಕ್ಕ ಒಂದ ಹೇಳಿ ಬಿಡಬ್ಯಾಡ್ರಿ. 1881ರ ಜನಗಣತ್ಯಾಗ ಜಿಲ್ಲಾಕ್ಕ ಜಿಲ್ಲಾ ಹಿಡದ್ರ ಕನ್ನಡ ಮಾತಾಡವ್ರು ಶೇ. 64, ಮರಾಠಿ ಶೇ. 26. ಊರಾಗೊಂದು, ಸುತ್ತಲಿನ ಸೀಮ್ಯಾಗೊಂದು. ಈ ಜಗಳದ ಬೇರು ಅದ.

ಗಡಿಯಾಚೆ
ಸೀಮೆಯಲ್ಲೂ ಪಶ್ಚಿಮದ ಹಳ್ಳಿಗಳು ಮರಾಠಿಯೇ. ಹಿಂಡಲಗಾ, ಉಚಗಾಂವ, ಖಾನಾಪುರದ ಅರ್ಧ ತಾಲೂಕು. ಹಳ್ಳಿಯನ್ನೇ ಘಟಕ ಅಂತ ಹಿಡಿದಿದ್ದರೆ ಗೆರೆ ಬೇರೆ ಥರ ಬೀಳ್ತಿತ್ತು.

ಘಟಪ್ರಭಾ_ದಂಡಿ
ಹಂಗಾರ ಸೊಲ್ಲಾಪುರ, ಜತ್ತ, ಅಕ್ಕಲಕೋಟ ಲೆಕ್ಕಾನೂ ಹಳ್ಳಿ ಹಳ್ಳಿ ಹಿಡೀರಿ ಅಣ್ಣಾರ. ಒಂದ ಕಡೆ ಹಳ್ಳಿ, ಇನ್ನೊಂದ ಕಡೆ ತಾಲೂಕು ಅಂದ್ರ ಹೆಂಗ?

ಶಾಸನಪ್ರಿಯ
ಇಬ್ಬರೂ ಸ್ವಲ್ಪ ನಿಲ್ಲಿ, ವಿದ್ಯಾರ್ಥಿಗಳಿಗೆ ಬೇಕಾಗೋದು ವಾದ ಎಲ್ಲಿ ಕವಲೊಡೆಯುತ್ತೆ ಅನ್ನೋದು.

1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ಹಿಡಿದ ಘಟಕ ಜಿಲ್ಲೆ ಮತ್ತು ತಾಲೂಕು. ಬೆಳಗಾವಿ ಜಿಲ್ಲೆ ಪೂರ್ತಿ ಮೈಸೂರಿಗೆ ಬಂತು ಅಂತ ಹೇಳ್ತಾರೆ, ಅದು ತಪ್ಪು. ಚಂದಗಡ ತಾಲೂಕನ್ನ ಬಿಡಿಸಿ ಮುಂಬೈ ರಾಜ್ಯಕ್ಕೆ ಕೊಟ್ಟರು. ಈಗ ಅದು ಕೊಲ್ಹಾಪುರ ಜಿಲ್ಲೆಯಲ್ಲಿದೆ. ಮಹಾರಾಷ್ಟ್ರ ಕೇಳಿದ್ದು ಪಾಟಸ್ಕರ್ ಸೂತ್ರ: ಹಳ್ಳಿಯೇ ಘಟಕ, ಭೂಮಿ ತಾಗಿಕೊಂಡಿರಬೇಕು, ಯಾವ ಭಾಷೆಯವರು ಹೆಚ್ಚೋ ಅವರ ಕಡೆಗೆ. 814 ಹಳ್ಳಿ ಕೇಳಿತು. 1966ರ ಅಕ್ಟೋಬರ್‌ನಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರು ಮಹಾರಾಷ್ಟ್ರಕ್ಕೆ, 247 ಊರು ಕರ್ನಾಟಕಕ್ಕೆ, ಬೆಳಗಾವಿ ನಗರ ಇದ್ದಲ್ಲೇ. ನಗರದ ಬಗ್ಗೆ ಆಯೋಗ ಕೊಟ್ಟ ಕಾರಣ ಭೂಗೋಳದ್ದು: ಮೂರು ದಿಕ್ಕಿಗೆ ಕನ್ನಡದ ಹಳ್ಳಿ, ನಾಲ್ಕನೆಯ ದಿಕ್ಕಿಗೆ ಮಾತ್ರ ಒಂದಷ್ಟು ಮರಾಠಿ ಹಳ್ಳಿ. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು.

ಹುಡುಗರಿಗೆ ಒಂದು ಅಭ್ಯಾಸ ಕೊಡಿ. ನಕ್ಷೆಯ ಮೇಲೆ ಮೊದಲು ತಾಲೂಕನ್ನ ಘಟಕ ಮಾಡಿ ಬಣ್ಣ ಹಚ್ಚಲಿ, ಆಮೇಲೆ ಹಳ್ಳಿಯನ್ನ ಘಟಕ ಮಾಡಿ ಹಚ್ಚಲಿ. ಹಳ್ಳಿ ಲೆಕ್ಕದಲ್ಲಿ ಬಣ್ಣ ಚುಕ್ಕೆ ಚುಕ್ಕೆ ಆಗಿ ಬೀಳುತ್ತೆ, "ತಾಗಿಕೊಂಡಿರಬೇಕು" ಅನ್ನೋ ಷರತ್ತು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಅವರಿಗೇ ಗೊತ್ತಾಗುತ್ತೆ.

ಗಡಿಯಾಚೆ
ಇದು ನ್ಯಾಯವಾಗಿದೆ. ಬಣ್ಣ ಹಚ್ಚಲಿ.

ಅನಗೋಳ_ನಾಕಾ
2021ರ ಪಾಲಿಕೆ ಚುನಾವಣೆನೂ ಸೇರಸ್ರಿ. ಪಕ್ಷದ ಚಿಹ್ನೆ ಮ್ಯಾಲೆ ಮೊದಲನೇ ಸಲ ನಡೀತು, 58 ವಾರ್ಡಿನಾಗ ಬಿಜೆಪಿಗೆ 35. ಅದಕ್ಕೂ ಮೊದಲ ಇಲ್ಲಿ ಚುನಾವಣಿ ಅಂದ್ರ ಕನ್ನಡ ಗುಂಪು, ಮರಾಠಿ ಗುಂಪು, ಉರ್ದು ಗುಂಪು, ಅಷ್ಟ. 2005ರಾಗ ಇದ ಪಾಲಿಕೆ ಮಹಾರಾಷ್ಟ್ರಕ್ಕ ಸೇರಬೇಕಂತ ಠರಾವ್ ಮಾಡಿ, ಸರ್ಕಾರ ಪಾಲಿಕೆನ ವಿಸರ್ಜನೆ ಮಾಡಿತ್ತು. ಹದಿನಾರು ವರ್ಷದಾಗ ರಾಜಕೀಯ ಎಲ್ಲಿಂದ ಎಲ್ಲಿಗೆ ಬಂತು ನೋಡ್ರಿ.

ಸಂಕೇಶ್ವರ_ಖಾರ
ಡಿಸೆಂಬರ್ ಅಂದ್ರಲ್ಲಾ, ಎರಡು ದಿನ ಎಲ್ಲಿ ಉಳಸ್ತೀರಿ? ಚಳಿಗಾಲದ ಅಧಿವೇಶನ ಇದ್ದಾಗ ಲಾಡ್ಜಿನ ರೂಮು ಸಿಗಂಗಿಲ್ಲ. ಮಂತ್ರಿ, ಶಾಸಕ, ಅಧಿಕಾರಿ, ಡ್ರೈವರ್, ಪೊಲೀಸರು, ಪತ್ರಿಕೆಯವರು ಎಲ್ಲಾರೂ ಇಲ್ಲೇ. ಸಿಕ್ಕರೂ ದುಪ್ಪಟ್ಟು ರೇಟು. ಸುವರ್ಣಸೌಧದ ಹತ್ತರ ದಿನಾ ಒಂದಲ್ಲ ಒಂದು ಪ್ರತಿಭಟನೆ, ಹೆದ್ದಾರಿ ಜಾಮ್. ಸೌಧದ ಒಳಗೂ ಬಿಡಂಗಿಲ್ಲ. ಜನವರಿ ನಡುವಿಗೆ ಬರ್ರಿ. ಹವಾನೂ ಬೇಷ್ ಇರ್ತೈತಿ, ಬೆಳಿಗ್ಗೆ ಸ್ವೆಟರ್ ಬೇಕು ಅಷ್ಟ.

ನವೆಂಬರ್ 1ರ ಸುತ್ತನೂ ಬ್ಯಾಡ. ಹಿಂದಿನ ರಾತ್ರಿಯಿಂದ ಚನ್ನಮ್ಮ ವೃತ್ತದಾಗ ಕಾಲಿಡಾಕ ಜಾಗಾ ಇರಂಗಿಲ್ಲ. ರಾಜ್ಯೋತ್ಸವದ ಮೆರವಣಿಗಿ ಬೆಂಗಳೂರಾಗೂ ಇಷ್ಟು ದೊಡ್ಡದು ಆಗಂಗಿಲ್ಲ. ಅದ ದಿನ ಇನ್ನೊಂದು ಕಡೆ ಮರಾಠಿ ಸಂಘಟನೆಗಳ ಕರಾಳ ದಿನ. ಮೆರವಣಿಗಿ ನೋಡಾಕ ಬರೋದಾದ್ರ ಮಾತು ಬ್ಯಾರೆ.

ತುಂಗಾತೀರ
ಹಾಗಾದರೆ ಜನವರಿ. ಪರೀಕ್ಷೆ ನೋಡ್ಕೊಂಡು ದಿನಾಂಕ ಹಾಕ್ತೀನಿ. ಬಸ್ಸೋ ರೈಲೋ?

ಸಂಕೇಶ್ವರ_ಖಾರ
ನೀವು ದಕ್ಷಿಣದಿಂದ ಬರವ್ರು, ಯಾವುದಾದ್ರೂ ನಡೀತೈತಿ. ಹುಬ್ಬಳ್ಳಿಯಿಂದ ಬಸ್ಸು ಅರ್ಧ ತಾಸಿಗೊಂದು, ದಾರಿ ಸುಮಾರು 100 ಕಿ.ಮೀ. ಗಡಿ ಗಲಾಟಿ ಎದ್ರ ಮೊದಲ ನಿಲ್ಲೋದು ಕೊಲ್ಹಾಪುರ, ಪುಣೆ ಕಡೀ ಬಸ್ಸು. ಆ ರಾಜ್ಯದ್ದು ಕೊಗನೊಳಿ ಹತ್ತರ ನಿಲ್ತಾವ, ನಮ್ಮವು ನಿಪ್ಪಾಣ್ಯಾಗ. ರೈಲು ಮಾತ್ರ ನಿಲ್ಲಂಗಿಲ್ಲ. ಮೀರಜ್ ಹಾದಿ ಹಿಡದ್ರ ಆತು.

ಪೀಣ್ಯ_ಹುಡುಗ
ಗಡಿ ಅಂದ್ರೆ ನಿಪ್ಪಾಣಿ ಹತ್ರ ಅಲ್ವಾ? ಅದು ಬೆಳಗಾವಿಯಿಂದ 70 ಕಿ.ಮೀ. ಮೇಲಿದೆ. ಮತ್ತೆ "ಗಡಿ ನಗರ" ಹೇಗೆ?

ಉತಾರ_ಕಾಕಾ
ಹೆದ್ದಾರಿ ಹಿಡದು ಉತ್ತರಕ್ಕ ಹೋದ್ರ ಅಷ್ಟು ದೂರ. ಪಶ್ಚಿಮಕ್ಕ ವೆಂಗುರ್ಲಾ ರಸ್ತಾ ಹಿಡೀರಿ: ಹಿಂಡಲಗಾ, ಸುಳಗಾ, ಬಾಚಿ, ದಾಟಿದ್ರ ಶಿನೋಳಿ. ಊರಿಂದ 20 ಕಿ.ಮೀ. ಒಳಗ ಮಹಾರಾಷ್ಟ್ರ, ಅಲ್ಲೇ ಅವರ ಎಂಐಡಿಸಿ ಕೈಗಾರಿಕಾ ವಸಾಹತು. ಮ್ಯಾಲೆ ಶಾಸನ ಸರ್ ಹೇಳಿದ ಚಂದಗಡ ತಾಲೂಕು ಅದ. ಮುಂಜಾನೆ ಅಲ್ಲಿ ಮಂದಿ ಇಲ್ಲಿ ದವಾಖಾನಿ, ಕಾಲೇಜು, ಸಂತಿಗೆ ಬರ್ತಾರ, ಇಲ್ಲಿ ಮಂದಿ ಅಲ್ಲಿ ಕಾರಖಾನಿಗೆ ಹೋಗ್ತಾರ. ಎರಡನೇ ದಿನ ಟೈಮ್ ಉಳದ್ರ ಬಸ್ಸು ಅಲ್ಲೀತನಕಾ ಒಯ್ದು ತಿರಗಸ್ರಿ. ಬೋರ್ಡಿನ ಲಿಪಿ ಎಲ್ಲಿ ಬದಲಾತು, ಮಾತು ಎಲ್ಲಿ ಬದಲಾತು ಅಂತ ಹುಡುಗರು ಬರಕೊಳ್ಳಲಿ. ಎರಡೂ ಒಂದ ಜಾಗಾದಾಗ ಬದಲಾಗಂಗಿಲ್ಲ.

ಕಡತ_ಶೋಧ
ಕಾಕಾರ ಹೆಸರಿನಲ್ಲೇ ಉತಾರ ಇದೆ, ಅವರೇ ಹೇಳಲಿ. ಶಹಾಪುರದ ಹಳೇ ಮನೆಯೊಂದರ ಕಾಗದ ನೋಡೋದಿದೆ. ಮೈಸೂರು ಕಡೆ ಖಾತೆ, ಕಂದಾಯ ರಸೀದಿ ಅಂತ ಕೇಳಿದರೆ ಇಲ್ಲಿ ಎಲ್ಲರೂ ಸಿಟಿಎಸ್ ನಂಬರ್ ಎಷ್ಟು ಅಂತಾರೆ. ಏನಿದು?

ಉತಾರ_ಕಾಕಾ
ಮುಂಬೈ ಪ್ರಾಂತದ ಪದ್ಧತಿ ಇನ್ನೂ ಉಳದೈತ್ರಿ. ಊರು ಯಾರ ಕೈಯಾಗ ಇತ್ತು ಅನ್ನೋದು ಇವತ್ತಿಗೂ ಆಸ್ತಿ ಕಾಗದದಾಗ ಕಾಣತೈತಿ, ಅದಕ್ಕ ಇದು ವಿಷಯ ಬಿಟ್ಟ ಮಾತಲ್ಲ.

ಹಳೇ ಪ್ಯಾಟಿ, ಶಹಾಪುರ, ಟಿಳಕವಾಡಿ: ಸಿಟಿ ಸರ್ವೇ ಆಗಿದ್ದ ಜಾಗಾ. ಮನಿ ಗುರುತು ಸಿಟಿಎಸ್ ನಂಬರ್, ಕಾಗದ ಪ್ರಾಪರ್ಟಿ ಕಾರ್ಡ್, ಸಿಗೋದು ಸಿಟಿ ಸರ್ವೇ ಆಫೀಸಿನಾಗ. ಪಾಲಿಕೆ ಟ್ಯಾಕ್ಸ್ ನಂಬರ್ ಬ್ಯಾರೆ, ಎರಡೂ ಒಂದ ಅಂತ ತಿಳೀಬ್ಯಾಡ್ರಿ. ಸುತ್ತಲಿನ ಹಳ್ಳಿಯಿಂದ ಸೇರಿದ ಜಾಗಾ ಇದ್ರ ಸರ್ವೇ ನಂಬರ್, ಹಿಸ್ಸಾ, ಪಹಣಿ. ಪಹಣಿಗೇ ನಮ್ಮ ಕಡೆ ಉತಾರ ಅಂತಾರ. ಎನ್‌ಎ, ಅಂದ್ರ ಕೃಷಿಯೇತರ ಜಾಗಾ ಅಂತ ಆಗೇತೋ ಇಲ್ಲೋ ಮೊದಲ ನೋಡ್ರಿ. ಕ್ಯಾಂಪಿನಾಗ ಬಂಗ್ಲೆ ಇದ್ರ ಕತೀನ ಬ್ಯಾರೆ. ನೆಲ ರಕ್ಷಣಾ ಇಲಾಖೇದು, ದಾಖಲೆ ಕಂಟೋನ್ಮೆಂಟಿನ ಜಿಎಲ್‌ಆರ್ (ಜನರಲ್ ಲ್ಯಾಂಡ್ ರಜಿಸ್ಟರ್) ಒಳಗ. "ಓಲ್ಡ್ ಗ್ರಾಂಟ್" ಅಂತ ಇದ್ರ ಕಟ್ಟಡ ಅಷ್ಟ ನಿಮ್ಮದು, ನೆಲ ಅಲ್ಲ. ಮಾರಾಟಕ್ಕ ಅವರ ಪರವಾನಗಿ ಬೇಕು. ಇದು ಗೊತ್ತಿಲ್ದ ಮುಂಗಡ ಕೊಟ್ಟವ್ರು ಭಾಳ ಮಂದಿ.

ಹಳೇ ಖರೀದಿ ಪತ್ರ ಮೋಡಿ ಲಿಪ್ಯಾಗ (ಮರಾಠಿ ಬರಿಯೋ ಹಳೇ ಓಟದ ಬರಹ) ಇದ್ರ ಓದವ್ರನ್ನ ಹುಡುಕಬೇಕು. ಓದಿಸಿದ ಮ್ಯಾಲೆ ದೇವನಾಗರಿ ಪ್ರತಿ ಒಂದು, ಕನ್ನಡ ಅನುವಾದ ಒಂದು, ಎರಡೂ ಸಹಿ ಸಮೇತ ತಗೊಳ್ರಿ. ಬರೇ ಅನುವಾದ ತಗೊಂಡ್ರ ಮುಂದ ವಾದ ಬಂದಾಗ ತಾಳೆ ನೋಡಾಕ ಆಗಂಗಿಲ್ಲ.

ಮೋಡಿ_ಓದುಗಿ
ಮೋಡಿ ಬಗ್ಗೆ ನಾನು ಸೇರಿಸ್ತೀನಿ. ಬರೆಯೋರು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ತಲೆಗೆರೆ ಎಳೀತಾರೆ, ಆಮೇಲೆ ಅಕ್ಷರಗಳನ್ನ ಕೈ ಎತ್ತದೆ ಅದಕ್ಕೆ ತೂಗುಹಾಕ್ತಾ ಹೋಗ್ತಾರೆ. ಪದಗಳ ನಡುವೆ ಬಿಡುವಿಲ್ಲ. ಹ್ರಸ್ವ ದೀರ್ಘ ಇ, ಉ ಭೇದ ಇಲ್ಲ. ಹಾಗಾಗಿ ಹೆಸರುಗಳಲ್ಲೇ ಹೆಚ್ಚು ತಪ್ಪಾಗೋದು. ಚತುಃಸೀಮೆ ಇರೋ ಸಾಲನ್ನ ಮೊದಲು ಓದಿಸಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಅಂತ ಗೊತ್ತಾದರೆ ಉಳಿದ ಹೆಸರು ಊಹಿಸೋದು ಸುಲಭ.

ಇಸವಿಯಲ್ಲಿ ಎಡವಬೇಡಿ. ಕ್ರಿ.ಶ. ಸಿಗೋಕೆ ಶಕ ಇದ್ದರೆ 78 ಕೂಡಿಸಿ. ಫಸಲಿ (ಕಂದಾಯದ ವರ್ಷ) ಇದ್ದರೆ 590. ಪೇಶ್ವೆ ಕಾಲದ ಕಾಗದದಲ್ಲಿ ಶುಹೂರ್ ಸನ್ ಇರುತ್ತೆ, ಅದನ್ನ ಅಂಕಿಯಲ್ಲಲ್ಲ, ಅರಬ್ಬಿ ಪದಗಳಲ್ಲಿ ಬರೀತಾರೆ. ಅದಕ್ಕೆ 599 ಕೂಡಿಸಬೇಕು. ಈ ವರ್ಷಗಳು ಜನವರಿಗೆ ಶುರುವಾಗಲ್ಲ, ತಿಂಗಳು ನೋಡದೆ ಕೂಡಿಸಿದರೆ ಒಂದು ವರ್ಷ ಆಚೀಚೆ ಆಗುತ್ತೆ.

ಕಡತ_ಶೋಧ
ಅಕ್ಕಾ, ಈ ಒಂದು ಉತ್ತರಕ್ಕೇ ಇಲ್ಲಿ ಬಂದದ್ದು ಸಾರ್ಥಕ.

ತುಂಗಾತೀರ
ಎರಡನೇ ದಿನಕ್ಕೆ ಟಿಳಕವಾಡಿ ಅಂದ್ರಿ. ಅಲ್ಲಿ ಏನೇನು?

ಮಲಪ್ರಭಾ
ಕಾಂಗ್ರೆಸ್ ಬಾವಿ ಮತ್ತ ವೀರಸೌಧ. 1923ರ ಅಧಿವೇಶನ ನಡೆದ ಜಾಗಾ.

ಶಾಸನಪ್ರಿಯ
1923 ಅಲ್ಲ, 1924ರ ಡಿಸೆಂಬರ್ 26 ಮತ್ತು 27. ಕಾಂಗ್ರೆಸ್ಸಿನ 39ನೆಯ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾದ ಒಂದೇ ಅಧಿವೇಶನ. ನಡೆಸಿಕೊಟ್ಟವರಲ್ಲಿ ಮುಂದಾಳು ಕರ್ನಾಟಕ ಸಿಂಹ ಗಂಗಾಧರರಾವ್ ದೇಶಪಾಂಡೆ. ಅಷ್ಟು ಜನಕ್ಕೆ ನೀರು ಬೇಕಲ್ಲ, ಅದಕ್ಕೇ ತೋಡಿದ ಬಾವಿ ಅದು. ಅಧಿವೇಶನದ ಬಯಲಿಗೆ ವಿಜಯನಗರ ಅಂತ, ಬಾವಿಗೆ ಪಂಪಾ ಸರೋವರ ಅಂತ ಹೆಸರಿಟ್ಟಿದ್ದರು. ಹೆಸರು ಆರಿಸಿದವರ ಮನಸ್ಸು ಎಲ್ಲಿತ್ತು ಅಂತ ಹುಡುಗರನ್ನ ಕೇಳಿ.

ಅದೇ ಹೊತ್ತಿಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನ ಇದೇ ಊರಲ್ಲಿ ನಡೀತು. ಹುಯಿಲಗೋಳ ನಾರಾಯಣರಾಯರ ಏಕೀಕರಣ ಗೀತೆ ಅಧಿವೇಶನದಲ್ಲಿ ಹಾಡಿದ್ದೂ ಆಗಲೇ. ಇನ್ನೊಂದು ಕಡೆ, ಎಂಟು ವರ್ಷ ಹಿಂದೆ, 1916ರ ಏಪ್ರಿಲ್‌ನಲ್ಲಿ ಟಿಳಕರು ಹೋಂರೂಲ್ ಲೀಗ್ ಕಟ್ಟಿದ್ದು ಬೆಳಗಾವಿಯಲ್ಲೇ. 1916ರ ನವೆಂಬರ್‌ನಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಶುರುವಾಯ್ತು. 1919ರಲ್ಲಿ ಮರಾಠಿಯ ತರುಣ ಭಾರತ ಪತ್ರಿಕೆ. ಎರಡೂ ಭಾಷೆಯ ಸಾರ್ವಜನಿಕ ಬದುಕು ಒಂದೇ ಹತ್ತು ವರ್ಷದಲ್ಲಿ, ಒಂದೇ ಊರಲ್ಲಿ ಗಟ್ಟಿಯಾಯ್ತು. ಜಗಳದ ಬೇರು 1956ರಲ್ಲಿ ಹುಡುಕೋರು ಇಲ್ಲಿ ಹುಡುಕಿದರೆ ಮೇಲು ಅಂತ ನನ್ನ ಅಭಿಪ್ರಾಯ.

ಗಡಿಯಾಚೆ
ಗಂಗಾಧರರಾಯರು ಟಿಳಕರ ಅನುಯಾಯಿ, ಅದನ್ನೂ ಹೇಳಿ. ಆಗ ಒಬ್ಬನೇ ಮನುಷ್ಯ ಎರಡೂ ಕಡೆಗೆ ಸಲ್ಲುತ್ತಿದ್ದ.

ಘಟಪ್ರಭಾ_ದಂಡಿ
ಇದಕ್ಕ ನನ್ನ ತಕರಾರಿಲ್ಲ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ ಸುಳೇಭಾವಿ, ಮನೆತನದ ಹೆಸರು ಕೊಂಕಾಳಿಮಠ, ಮೆರೆದದ್ದು ದೇವಾಸದಾಗ. ಮರಾಠಿ ಸಾಹಿತಿ ಪು. ಲ. ದೇಶಪಾಂಡೆ ಪಾಠ ಹೇಳಿದ್ದು ಇಲ್ಲಿ ರಾಣಿ ಪಾರ್ವತಿದೇವಿ ಕಾಲೇಜಿನಾಗ.

ಅನಗೋಳ_ನಾಕಾ
ವಿವೇಕಾನಂದರನ್ನ ಬಿಟ್ರಿ. 1892ರ ಅಕ್ಟೋಬರ್‌ದಾಗ ಬಂದು ರಿಸಾಲದಾರ ಗಲ್ಲಿಯ ಭಾಟೆಯವರ ಮನ್ಯಾಗ, ಆಮ್ಯಾಲೆ ಅರಣ್ಯ ಇಲಾಖೆಯ ಹರಿಪದ ಮಿತ್ರರ ಮನ್ಯಾಗ ಉಳದಿದ್ರು. ಗಲ್ಲಿಯಲ್ಲಿನ ಮನಿ ಸ್ಮಾರಕ ಮಾಡ್ಯಾರ. ಕೋಟಿಯಿಂದ ಪ್ಯಾಟಿಗೆ ನಡದು ಬರಬೇಕಾದ್ರ ಅದೊಂದು ನಿಲುಗಡೆ.

ಪೀಣ್ಯ_ಹುಡುಗ
ಕೈಗಾರಿಕೆ ಬಗ್ಗೆ ಯಾರೂ ಹೇಳ್ತಿಲ್ಲ. ಹೈಡ್ರಾಲಿಕ್ಸ್ ಅಂದ್ರೆ ದೇಶದಲ್ಲಿ ಮೊದಲು ಬರೋ ಹೆಸರಲ್ಲಿ ಬೆಳಗಾವಿ ಇದೆಯಲ್ಲ?

ಎರಕದ_ಮನೆ
ಹೇಳ್ತೀನಿ. ಊರ ನಡುವ ಕಿರ್ಲೋಸ್ಕರ್ ರಸ್ತೆ ಐತಿ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಾಗ ಸೈಕಲ್ ಅಂಗಡಿ ಇಟ್ಟದ್ದು ಈ ಊರಾಗ, ಮೇವು ಕತ್ತರಸೋ ಯಂತ್ರ, ಕಬ್ಬಿಣದ ನೇಗಿಲ ಮಾಡಾಕ ಶುರು ಮಾಡಿದ್ದೂ ಇಲ್ಲೇ. ಹೊಸಾ ಬಡಾವಣೆಗೆ ಜಾಗಾ ಬೇಕಂತ ಮುನಸಿಪಾಲ್ಟಿ ಖಾಲಿ ಮಾಡಸ್ತು. ಔಂಧ ಸಂಸ್ಥಾನದ ರಾಜರು ಜಾಗಾ ಕೊಟ್ರು, 1910ರಾಗ ಅಲ್ಲಿ ಕಿರ್ಲೋಸ್ಕರವಾಡಿ ಎದ್ದು ನಿಂತು. ಕಾಕಾ ಮ್ಯಾಲೆ ಹೇಳಿದ್ದ ಮಾತ: ಒಬ್ಬ ಒಡೆಯ ಓಡಿಸಿದ್ರ ಬಾಜೂ ಸಂಸ್ಥಾನದವ ಕರದು ಕೂಡಸ್ತಿದ್ದ. ನಾವು ಕಾರಖಾನಿ ಕಳಕೊಂಡು ರಸ್ತೆಗೆ ಹೆಸರಿಟ್ಕೊಂಡ್ವಿ.

ಈಗ ಉದ್ಯಮಬಾಗದಾಗ ಫೌಂಡ್ರಿ, ಮಶೀನ್ ಶಾಪ್, ಹೈಡ್ರಾಲಿಕ್ ವಾಲ್ವು ಪಂಪು ಮಾಡವ್ರು ಸಾಲಾಗಿ ಅದಾರ. ಹುಡುಗರನ್ನ ಒಂದು ಫೌಂಡ್ರಿಗೆ ಒಯ್ಯೋದಾದ್ರ ಮೊದಲ ಫೋನ್ ಮಾಡಿ ಎರಕ ಹೊಯ್ಯೋ ಹೊತ್ತು ಕೇಳ್ರಿ, ಚಪ್ಪಲಿ ಬ್ಯಾಡ, ಬೂಟು ಬೇಕು. ನೋಡಬೇಕಾದ್ದು ಮರಳು. ಹಸಿ ಮರಳಿಗೆ ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೀರು ಹಾಕಿ ಕಲಸ್ತಾರ. ನೀರಿನಂಶ ಶೇ. 3ರಿಂದ 4ರೊಳಗ ಇರಬೇಕು. ಕಡಿಮಿ ಆದ್ರ ಅಚ್ಚಿನ ಅಂಚು ಉದುರತೈತಿ. ಹೆಚ್ಚಾದ್ರ ಕಾದ ಕಬ್ಬಿಣ ತಾಗಿ ಉಗಿ ಎದ್ದು ಎರಕದಾಗ ಗುಳ್ಳಿ ಬೀಳ್ತಾವ, ಅದಕ್ಕ ಬ್ಲೋಹೋಲ್ ಅಂತಾರ. ಬೆಳಗಾವಿ ಮಳಿ ಗೊತ್ತಲ್ಲಾ, ಜುಲೈದಾಗ ಮರಳು ಹೊರಗಿಟ್ರ ಕೆಲಸ ಕೆಟ್ಟಂಗ. ವಾಲ್ವಿನ ಎರಕದಾಗ ಸೂಜಿ ಮೊನೆಯಷ್ಟು ತೂತು ಉಳದ್ರೂ ಎಣ್ಣಿ ಒತ್ತಡಕ್ಕ ಸೋರತೈತಿ, ಆ ಮಾಲು ಮತ್ತ ಭಟ್ಟಿಗೇ.

ಪೀಣ್ಯ_ಹುಡುಗ
ಪೀಣ್ಯದಲ್ಲೂ ಮಳೆಗಾಲದಲ್ಲಿ ಇದೇ ಗೋಳು.

ಖೋವಾ_ಮಾವಶಿ
ಇಷ್ಟು ಮಾತಾಡಿದ್ರಿ, ಕುಂದಾ ಬಗ್ಗೆ ಒಬ್ಬರೂ ಹೇಳಲಿಲ್ಲ.

ಮಲಪ್ರಭಾ
ಕುಂದಾ ಎಲ್ಲಾರಿಗೂ ಗೊತ್ತಲ್ರೀ ಮಾವಶಿ. ಖೋವಾಕ್ಕ ಸಕ್ಕರಿ ಹಾಕಿ ಕಂದು ಬಣ್ಣ ಬರೂತನಕಾ ಹುರದ್ರ ಕುಂದಾ.

ಖೋವಾ_ಮಾವಶಿ
ಅದ ತಪ್ಪು! ಹಂಗ ಮಾಡಿದ್ದು ಬರೇ ಹುರದ ಖೋವಾ. ಕುಂದಾದಾಗ ಹರಳು ಬೇಕು, ನಾಲಿಗೆಗೆ ರವಾ ಹತ್ತಬೇಕು. ಕೇಳ್ರಿ.

ಗಟ್ಟಿ ಎಮ್ಮಿ ಹಾಲು 1 ಲೀಟರ್, ಸಕ್ಕರಿ 100 ಗ್ರಾಂ, ಮ್ಯಾಲೆ ಬಣ್ಣಕ್ಕ 2 ಚಮಚ ಸಕ್ಕರಿ, ಹುಳಿ ಇಲ್ಲದ ಮೊಸರು 2 ಚಮಚ, ಯಾಲಕ್ಕಿ. ದಪ್ಪ ತಳದ ಅಗಲ ಕಡಾಯಿದಾಗ ಹಾಲು ಅರ್ಧಕ್ಕ ಇಳಿಸ್ರಿ, ಬದಿಗೆ ಹತ್ತಿದ ಕೆನಿ ಒಳಗ ಕೆರೀತಾ ಇರ್ರಿ. ಅರ್ಧ ಆದ ಮ್ಯಾಲೆ ಮೊಸರು ಹಾಕ್ರಿ. ಹಾಲು ಸಣ್ಣಗ ಒಡದು ಹರಳು ಕಟ್ಟತೈತಿ. ಮೊಸರು ಹೆಚ್ಚಾದ್ರ ಪೂರ್ತಿ ಒಡದು ಪನೀರ್ ಆಗಿ ರಬ್ಬರಿನಂಗ ಜಗೀತೈತಿ. ಹಾಲು ತೆಳ್ಳಗ ಇದ್ದಾಗ ಹಾಕಿದ್ರೂ ಅದ ಗತಿ. ಇನ್ನೊಂದು ಒಲಿಮ್ಯಾಲೆ 2 ಚಮಚ ಸಕ್ಕರಿ ಒಣದ ಕರಗಿಸಿ, ಜೇನಿನ ಬಣ್ಣ ಬಂದ ಕೂಡ್ಲೆ ಹಾಲಿಗೆ ಸುರೀರಿ. ಕಪ್ಪಾತು ಅಂದ್ರ ಕಹಿ, ಅದನ್ನ ಚೆಲ್ಲಿ ಮತ್ತ ಮಾಡ್ರಿ. ಉಳದ ಸಕ್ಕರಿ ಕಡೀಕ. ಮೊದಲ ಹಾಕಿದ್ರ ತಳಾ ಹಿಡೀತೈತಿ. ತುಪ್ಪ ಬಿಟ್ಕೊಂಡು ಕಡಾಯಿ ಬದಿ ಬಿಟ್ರ ಇಳಸ್ರಿ, ಆರಿದ ಮ್ಯಾಲೆ ಇನ್ನೂ ಗಟ್ಟಿ ಆಗತೈತಿ. ಲೀಟರಿಗೆ ಸುಮಾರು 300 ಗ್ರಾಂ ಬರತೈತಿ, ಒಂದೂವರಿ ತಾಸಿನ ಕೆಲಸ.

ಘಟಪ್ರಭಾ_ದಂಡಿ
ಮಾವಶಿ, ಮಂಡಿಗಿನೂ ಹೇಳ್ರಿ.

ಖೋವಾ_ಮಾವಶಿ
ಮಂಡಿಗಿ ಬರದು ಹೇಳೋದಲ್ಲ. ಕಣಕ ಮುಂಗೈ ಮ್ಯಾಲೆ ಹಿಗ್ಗಿಸಿ, ಬೋರಲಾಕಿದ ಕಡಾಯಿ ಮ್ಯಾಲೆ ಹಾಕಬೇಕು. ಒಳಗ ಸಕ್ಕರಿ ಪುಡಿ, ತುಪ್ಪ, ಖೋವಾ. ಬಿಸಿ ಇದ್ದಾಗ ಮಡಚಬೇಕು, ಆರಿದ್ರ ಹಪ್ಪಳದಂಗ ಮುರೀತೈತಿ. ಮದವಿ ಸೀಸನ್ನಿನಾಗ ಬಂದು ಮಾಡೋದನ್ನ ನೋಡ್ರಿ. ಅಂಗಡ್ಯಾಗ ಪ್ಯಾಕೆಟ್ ಸಿಗತೈತಿ, ಬಸ್ಸಿನಾಗ ಮ್ಯಾಲಿನ ರ‍್ಯಾಕಿಗೆ ಒಗೀಬ್ಯಾಡ್ರಿ.

ಗಡಿಯಾಚೆ
ಕುಂದಾ ಯಾರದ್ದು ಅಂತ ಈಗ ಶುರು ಮಾಡೋಣವೇ?

ಘಟಪ್ರಭಾ_ದಂಡಿ
ಮಾರವಾಡಿಯವರದ್ದು ಅಂತಾರ. ನಿಮಗೂ ಇಲ್ಲ, ನಮಗೂ ಇಲ್ಲ.

ತುಂಗಾತೀರ
ಎಲ್ಲಾ ಕೂಡಿಸಿ ಹೀಗೆ ಹಾಕಿದ್ದೀನಿ, ತಪ್ಪಿದ್ದರೆ ಹೇಳಿ. ಮೊದಲ ದಿನ ಬೆಳಿಗ್ಗೆ 7ಕ್ಕೆ ಕೋಟೆ ಬಾಗಿಲು, ಬಸದಿ, ಮಸೀದಿ, ಕೋಟೆ ಕೆರೆ. ಊಟ ಆದಮೇಲೆ ಕ್ಯಾಂಪ್, ಅಸದ್ ಖಾನ್ ದರ್ಗಾ, ರಿಸಾಲದಾರ ಗಲ್ಲಿ, ಸಂಜೆ ಪೇಟೆ. ಎರಡನೇ ದಿನ ಕಪಿಲೇಶ್ವರ ಗುಡಿಯಿಂದ ಹಳಿ ದಾಟಿ ಶಹಾಪುರ, ಮಗ್ಗಗಳು, ಆಮೇಲೆ ಕಾಂಗ್ರೆಸ್ ಬಾವಿ, ಉದ್ಯಮಬಾಗ, ಶಿನೋಳಿ. ಸುವರ್ಣಸೌಧ ಹೋಗ್ತಾ ಹೆದ್ದಾರಿಯಿಂದಲೇ ಕಾಣುತ್ತಲ್ಲ, ಬಿಟ್ಟೆ.

ಉತಾರ_ಕಾಕಾ
ಎರಡನೇ ದಿನ ತುಂಬಾ ತುರಕೀರಿ. ಫೌಂಡ್ರಿ ಇಲ್ಲಾ ಶಿನೋಳಿ, ಒಂದ ಆರಸ್ರಿ. ಶಹಾಪುರದಾಗ ಕೈಮಗ್ಗ ಅಂತ ಹುಡುಕಬ್ಯಾಡ್ರಿ, ಈಗ ಹೆಚ್ಚಿನವು ಪವರ್‌ಲೂಮ್, ಅವೂ ವಡಗಾಂವ, ಖಾಸಬಾಗ ಕಡೆ. ಸದ್ದಿನಾಗ ಮಾತು ಕೇಳಂಗಿಲ್ಲ, ವಿವರಣೆ ಹೊರಗ ನಿಂತು ಹೇಳಿ ಆಮ್ಯಾಲೆ ಒಳಗ ಒಯ್ರಿ. ಟಿಳಕವಾಡಿಗೆ ಹೋಗಬೇಕಾದ್ರ ರೈಲ್ವೆ ಗೇಟು ಹಾಕಿದ್ರ ಹದಿನೈದು ನಿಮಿಷ ಹೋತಂತ ಲೆಕ್ಕಾ ಹಿಡೀರಿ. ಇಪ್ಪತ್ತು ಮಂದಿ ಬಸ್ಸು ಗಲ್ಲಿಯೊಳಗ ಬರಂಗಿಲ್ಲ, ಕೋಟಿ ಕೆರಿ ಹತ್ತರ ನಿಲ್ಲಸ್ರಿ.

ತುಂಗಾತೀರ
ಶಿನೋಳಿ ಇಟ್ಕೋತೀನಿ ಕಾಕಾ. ಫೌಂಡ್ರಿ ಬಿಟ್ಟೆ.

ಎರಕದ_ಮನೆ
ಮರಳಿನ ಬಗ್ಗೆ ಅಷ್ಟುದ್ದ ಬರದೆ!

ಪೀಣ್ಯ_ಹುಡುಗ
ನಾನು ಬರ್ತೀನಿ ಬಿಡಿ. ಬೂಟು ಹಾಕ್ಕೊಂಡೇ.